ಇಬ್ನ್ ಬತೂತನ ಕೋಣೆ, ನಮ್ಮ ಕಿಟಕಿ

ಬರೆಯದೆ ಬಹಳ ದಿನವಾಗಿತ್ತು. ಬರೆಯುವಂಥದ್ದೇನೂ ಆಗಿರಲಿಲ್ಲ ಅನ್ನುವುದೂ ನಿಜ. ಕಳೆದ ಸೋಮವಾರ ಮಗ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದ. ಅದರ ಬೆನ್ನು ಹತ್ತಿ ಹೋದವನು ಸುಮಾರು 680 ವರ್ಷ ಹಿಂದಕ್ಕೆ ಹೋಗಿ ಬಂದೆ. ಆ ಕತೆಯನ್ನು ನಿಮಗೂ ಹೇಳೋಣ ಅಂತ ಕೂತಿದ್ದೇನೆ.

ವಿಷಯ ಇಷ್ಟೇ. ನಮ್ಮ ಮದುವೆಯಾಗಿ 35 ವರ್ಷ ತುಂಬುತ್ತದೆ ಅಂತ ಪುಣೆಯಲ್ಲಿರುವ ಮಗ ನಮ್ಮಿಬ್ಬರಿಗೂ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗಿನ ಟಿಕೆಟ್ ತೆಗೆಸಿದ್ದಾನೆ. ಹಡಗು ಅಂದರೆ ಊರಿಂದ ಊರಿಗೆ ಮುಟ್ಟಿಸುವ ಹಡಗಲ್ಲ, ಸುಮ್ಮನೆ ತಿರುಗಾಡಿಸಿಕೊಂಡು ಬರುವ ಹಡಗು. ಕ್ರೂಸ್ ಅನ್ನುತ್ತಾರಲ್ಲ, ಅದು. ಅದರೊಳಗೆ ಹೋಟೆಲು, ಈಜುಕೊಳ, ನಾಟಕಶಾಲೆ ಎಲ್ಲಾ ಇರುತ್ತದಂತೆ.

“ಅಪ್ಪ, ಈಗ ಬುಕ್ ಮಾಡಿರೋದು ಒಳಗಿನ ಕ್ಯಾಬಿನ್. ಕಿಟಕಿ ಇರಲ್ಲ. ಇನ್ನೊಂದು ನಲವತ್ತು ಸಾವಿರ ಹಾಕಿದ್ರೆ ಬಾಲ್ಕನಿ ಇರೋ ದೊಡ್ಡದು ಸಿಗುತ್ತೆ. ಶನಿವಾರದೊಳಗೆ ಹೇಳಬೇಕು. ಏನ್ ಮಾಡ್ಲಿ?”

ನಲವತ್ತು ಸಾವಿರ ಅಂದರೆ ಹೆಚ್ಚುಕಮ್ಮಿ ನನ್ನ ಒಂದು ತಿಂಗಳ ಪಿಂಚಣಿ. ನಾಲ್ಕು ರಾತ್ರಿ ಮಲಗುವುದಕ್ಕೆ! ಟಿಕೆಟ್ಟಿನ ದುಡ್ಡು ಮಗನದು, ಹೆಚ್ಚಿನದು ನಾನು ಕೊಡುತ್ತೇನೆ ಅಂತ ಮೊದಲೇ ಹೇಳಿಬಿಟ್ಟಿದ್ದೆ. ಹಾಗಾಗಿ ತಲೆನೋವು ನನ್ನ ಪಾಲಿಗೆ ಬಂತು.

ನಮ್ಮದು ಕುರೆಕುಪ್ಪ. ತೋರಣಗಲ್ಲಿನ ಮಗ್ಗುಲು, ಸಂಡೂರು ತಾಲ್ಲೂಕು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವವರು ಈ ಕಡೆ ಹಾದೇ ಹೋಗಿರುತ್ತೀರಿ. ಹೊರಗಿನವರಿಗೆ ನಮ್ಮೂರು ಅಂದರೆ ನೆನಪಿಗೆ ಬರುವುದು ಕೆಂಪು ದೂಳು. 2000ನೇ ಇಸವಿ ದಾಟಿದ ಮೇಲೆ ಅದಿರಿಗೆ ಬೆಲೆ ಬಂದು ಹಗಲೂ ರಾತ್ರಿ ಲಾರಿಗಳು ಓಡಿದವಲ್ಲ, ಆ ವರ್ಷಗಳಲ್ಲಿ ನಮ್ಮ ಮನೆಯ ರಸ್ತೆ ಕಡೆಯ ಕಿಟಕಿಗಳನ್ನು ಮುಚ್ಚಿದೆವು. ಬರೀ ಮುಚ್ಚಿದ್ದಲ್ಲ, ಸಂದಿಗೆ ಹಳೇ ಸೀರೆ ತುರುಕಿದ್ದೆವು. ಆದರೂ ಬೆಳಿಗ್ಗೆ ಎದ್ದರೆ ನೀರಿನ ಕೊಡದ ಮೇಲೆ ಕೆಂಪು. ನಮ್ಮಾಕೆಗೆ ಉಬ್ಬಸ ಶುರುವಾದದ್ದೂ ಆಗಲೇ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಊರಲ್ಲಿ ಒಂಥರಾ ಸದ್ದಡಗಿದಂತಾಯಿತು. ಆಮೇಲೆ ಕೆಲವು ಗಣಿಗಳು ಮತ್ತೆ ಶುರುವಾದವು, ಅದು ಬೇರೆ ಮಾತು. ಕಿಟಕಿ ಮುಚ್ಚಿಡುವ ಅಭ್ಯಾಸ ಮಾತ್ರ ನಮ್ಮನ್ನು ಬಿಡಲಿಲ್ಲ. ಹಾಗಿರುವಾಗ ಕಿಟಕಿಯಿಲ್ಲದ ಕೋಣೆ ನಮಗೇನು ಹೊಸದು, ನಲವತ್ತು ಸಾವಿರ ಉಳಿಸೋಣ ಅಂತ ನನ್ನ ಮೊದಲ ಲೆಕ್ಕಾಚಾರ.

ಅಂದ ಹಾಗೆ, ನಮ್ಮ ಕಡೆಯ ಜನಕ್ಕೆ ಗೊತ್ತಿರುವ ಹಡಗು ಒಂದೇ, ಹರಿಗೋಲು. ಹಂಪಿಯಿಂದ ಆನೆಗೊಂದಿ ಕಡೆಗೆ ತುಂಗಭದ್ರೆ ದಾಟಿಸುವ ಬುಟ್ಟಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇದನ್ನು ಚೆನ್ನಾಗಿ ವರ್ಣಿಸಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬಿದಿರು ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ಹಾಕಿಕೊಂಡು ದಾಟಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಹೋಗುತ್ತದೆ ಅಂತ. ಐನೂರು ವರ್ಷದ ಹಿಂದಿನ ವರ್ಣನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಸುತ್ತುವುದು ಹಾಗೇ ಇದೆ. ಹರಿಗೋಲಿನಲ್ಲಿ ದರ್ಜೆ ಇಲ್ಲ. ಸಾಹುಕಾರನೂ ಕುರಿಯೂ ಒಂದೇ ಬುಟ್ಟಿಯಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕು :)

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವನಿಗೆ ಒಂದು ಕೆಟ್ಟ ಚಟ ಇರುತ್ತದೆ. ಏನು ತಾಪತ್ರಯ ಬಂದರೂ ಹಿಂದೆ ಯಾರಿಗಾದರೂ ಹೀಗೇ ಆಗಿತ್ತೇ ಅಂತ ಹುಡುಕುವುದು. ಹಡಗಿನಲ್ಲಿ ಸಣ್ಣ ಕೋಣೆ ಬಿಟ್ಟು ಒಳ್ಳೆಯ ಕೋಣೆ ಹಿಡಿಯಬೇಕೇ ಬೇಡವೇ ಅಂತ ತಲೆ ಕೆಡಿಸಿಕೊಂಡವರು ನಮ್ಮ ಕರಾವಳಿಯ ಆಸುಪಾಸಿನಲ್ಲಿ ಯಾರಾದರೂ ಇದ್ದಾರೆಯೇ? ಇದ್ದಾನೆ. ಇಬ್ನ್ ಬತೂತ!

ಮೊರಾಕ್ಕೋ ದೇಶದ ಈತ ಲೋಕ ಸುತ್ತುತ್ತ ದೆಹಲಿಗೆ ಬಂದು, ಮಹಮದ್ ಬಿನ್ ತುಘಲಕ್‌ನ ಹತ್ತಿರ ಕಾಜಿಯಾಗಿ ಕೆಲಸಕ್ಕೆ ಸೇರಿದ್ದ. ಕಾರ್ನಾಡರ ನಾಟಕದಿಂದ ನಮಗೆಲ್ಲ ಪರಿಚಯವಿರುವ ಅದೇ ತುಘಲಕ್. ಚೀನಾದ ಚಕ್ರವರ್ತಿಯಿಂದ ಒಮ್ಮೆ ದೂತರು ಬಂದರು, ಉಡುಗೊರೆ ತಂದರು. ಸುಲ್ತಾನ ಸುಮ್ಮನಿರುವವನೇ? ಅದಕ್ಕಿಂತ ದೊಡ್ಡ ಉಡುಗೊರೆ ಕಟ್ಟಿಸಿದ. ನೂರು ಜಾತಿ ಕುದುರೆ, ನೂರು ಗುಲಾಮರು, ಹಾಡು ಕುಣಿತ ಬಲ್ಲ ನೂರು ಹೆಣ್ಣುಗಳು, ಬಟ್ಟೆಯ ಥಾನುಗಳು, ಬಂಗಾರ ಬೆಳ್ಳಿಯ ಪಾತ್ರೆಗಳು. ಇದನ್ನೆಲ್ಲ ಚೀನಾಕ್ಕೆ ಮುಟ್ಟಿಸುವ ರಾಯಭಾರಿ ಇಬ್ನ್ ಬತೂತ. 1342ರ ಸುಮಾರಿಗೆ ದೆಹಲಿ ಬಿಟ್ಟ. ದೌಲತಾಬಾದಿನ ಮೇಲೆ ಗುಜರಾತಿಗೆ ಬಂದು ಖಂಭಾತದ ಹತ್ತಿರ ಹಡಗು ಹತ್ತಿದ. ಕುದುರೆಗಳಿಗೇ ಜಾಗ ಸಾಲದೆ, ಎಪ್ಪತ್ತು ಒಂದು ಹಡಗಿನಲ್ಲಿ, ಉಳಿದವು ಇನ್ನೊಂದರಲ್ಲಿ ಅಂತ ಹಂಚಬೇಕಾಯಿತು.

ಅಲ್ಲಿಂದ ಗೋವೆ, ಆಮೇಲೆ ಹೊನ್ನಾವರ. ಹೊನ್ನಾವರವನ್ನು ಅವನು ಮೆಚ್ಚಿಕೊಂಡಷ್ಟು ಬೇರೆ ಊರುಗಳನ್ನು ಮೆಚ್ಚಿದ್ದು ಕಡಿಮೆ. ಹುಡುಗರ ಶಾಲೆ 23, ಹುಡುಗಿಯರ ಶಾಲೆ 13 ಇವೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಅನ್ನುತ್ತಾನೆ. (ಮೇಷ್ಟ್ರಾದ ನನಗೆ ಈ ಲೆಕ್ಕ ಓದಿದಾಗಲೆಲ್ಲ ಖುಷಿ.) ಅಲ್ಲಿ ಆಳುತ್ತಿದ್ದವನು ಜಮಾಲುದ್ದೀನ್. ಅವನಿಗೂ ಮೇಲೊಬ್ಬ ಹಿಂದೂ ರಾಜನಿದ್ದಾನೆ, ಹೆಸರು ಹರಿಯಬ್ ಅಂತ ಬರೆದಿದ್ದಾನೆ. ಈ ಹರಿಯಬ್ ನಮ್ಮ ವಿಜಯನಗರದ ಒಂದನೇ ಹರಿಹರನೇ ಇರಬೇಕು ಅಂತ ಇತಿಹಾಸಕಾರರ ಊಹೆ. 1336 ಅಂತ ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವಲ್ಲ, ಅದಾಗಿ ಆರೇಳು ವರ್ಷ. ನಮ್ಮ ಹಂಪಿಯ ಕೋಟೆ ಗೋಡೆ ಏಳುತ್ತಿದ್ದ ಹೊತ್ತಿಗೆ ಅದರ ಹೆಸರು ಹೊನ್ನಾವರದ ಬಂದರಿನಲ್ಲಿ ಆಗಲೇ ಕೇಳಿಬರುತ್ತಿತ್ತು ಅಂದರೆ ಸಣ್ಣ ಸಂಗತಿಯಲ್ಲ.

ಬಸರೂರು, ಬಾರಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಬಂದ. ಅಲ್ಲಿ ಚೀನಾದ ಹದಿಮೂರು ಹಡಗು ನಿಂತಿದ್ದವು. ಗಾಳಿ ತಿರುಗುವವರೆಗೆ ಮೂರು ತಿಂಗಳು ಸಾಮೂದಿರಿ ರಾಜನ ಅತಿಥಿಯಾಗಿ ಕಾದ. ಆ ಹಡಗುಗಳ ವರ್ಣನೆ ಇದೆಯಲ್ಲ, ಮಗ ಕಳಿಸಿದ ಬಣ್ಣದ ಜಾಹೀರಾತಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡ ಹಡಗಿಗೆ ಜಂಕ್ ಅಂತ ಹೆಸರು, ಸಣ್ಣದಕ್ಕೆ ಕಕಮ್. ಜಂಕಿನಲ್ಲಿ ನಾಲ್ಕು ಅಂತಸ್ತು. ಬಿದಿರು ಸೀಳಿ ಚಾಪೆಯಂತೆ ಹೆಣೆದ ಹಾಯಿಗಳು, ಹನ್ನೆರಡರವರೆಗೂ ಇರುತ್ತಿದ್ದವು. ಒಂದು ಹಡಗಿಗೆ ಸಾವಿರ ಜನ, ಅದರಲ್ಲಿ ಆರುನೂರು ನಾವಿಕರು, ನಾನೂರು ಸಿಪಾಯಿಗಳು. ವರ್ತಕರಿಗೆ ಬೇರೆ ಬೇರೆ ಕೋಣೆಗಳು. ಒಳ್ಳೆಯ ಕೋಣೆಗೆ ಒಳಗೇ ಪಾಯಿಖಾನೆ, ಬಾಗಿಲಿಗೆ ಬೀಗ, ಬೀಗದ ಕೈ ಯಾತ್ರಿಕನ ಹತ್ತಿರ. ಹೆಂಡತಿಯನ್ನೋ ದಾಸಿಯರನ್ನೋ ಕರೆದುಕೊಂಡು ಬಾಗಿಲು ಹಾಕಿಕೊಂಡರೆ ಅವನು ಹಡಗಿನಲ್ಲಿ ಇದ್ದಾನೆ ಅಂತ ಊರು ಮುಟ್ಟುವವರೆಗೂ ಬೇರೆಯವರಿಗೆ ತಿಳಿಯುತ್ತಿರಲಿಲ್ಲವಂತೆ. ನಾವಿಕರ ಮಕ್ಕಳು ಹಡಗಿನಲ್ಲೇ ಇರುತ್ತಿದ್ದವು, ಮರದ ತೊಟ್ಟಿಗಳಲ್ಲಿ ಸೊಪ್ಪು, ಶುಂಠಿ ಬೆಳೆಯುತ್ತಿದ್ದರು.

ಈ ಪುಸ್ತಕ ಅವನು ಊರಿಗೆ ಮರಳಿದ ಮೇಲೆ, 1355ರ ಹೊತ್ತಿಗೆ, ನೆನಪಿನಿಂದ ಹೇಳಿ ಬರೆಸಿದ್ದು. ಅಲ್ಲಲ್ಲಿ ಉಪ್ಪು ಖಾರ ಸೇರಿರಬಹುದು. ಆದರೆ ಮುಂದಿನ ಪ್ರಸಂಗದಲ್ಲಿ ಅವನು ತನ್ನ ಪೇಚಾಟವನ್ನೇ ಹೇಳಿಕೊಂಡಿದ್ದಾನೆ. ಹಾಗಾಗಿ ನಂಬಲಿಕ್ಕೆ ನನಗೆ ಅಡ್ಡಿಯಿಲ್ಲ.

ಸಾಮೂದಿರಿ ಒಂದು ಜಂಕನ್ನು ರಾಯಭಾರಕ್ಕೆ ಗೊತ್ತು ಮಾಡಿಕೊಟ್ಟ. ಅದರ ವ್ಯವಹಾರ ನೋಡಿಕೊಳ್ಳುವವನು ಸಿರಿಯಾ ದೇಶದ ಸಫದ್ ಊರಿನ ಸುಲೈಮಾನ್. ಇಬ್ನ್ ಬತೂತನಿಗೆ ಮೊದಲೇ ಪರಿಚಯ. ಇವನು ಹೋಗಿ, ನನಗೆ ಒಬ್ಬನಿಗೇ ಒಂದು ಕೋಣೆ ಬೇಕು, ದಾಸಿಯರಿಲ್ಲದೆ ಪ್ರಯಾಣ ಮಾಡುವ ಅಭ್ಯಾಸ ನನಗಿಲ್ಲ ಅಂದ. ಸುಲೈಮಾನ್ ಹೇಳಿದ ಉತ್ತರ ನೋಡಿ. ಚೀನೀ ವರ್ತಕರು ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ ಎಲ್ಲಾ ಕೋಣೆ ಮೊದಲೇ ಹಿಡಿದಿದ್ದಾರೆ. ನನ್ನ ಅಳಿಯನದೊಂದು ಇದೆ, ಬೇಕಾದರೆ ಕೊಡಿಸುತ್ತೇನೆ, ಅದರಲ್ಲಿ ಪಾಯಿಖಾನೆ ಇಲ್ಲ. ಮುಂದೆ ಯಾರ ಹತ್ತಿರವಾದರೂ ಬದಲಾಯಿಸಿಕೊಳ್ಳಬಹುದು ಅಂತ. ಸುಲ್ತಾನನ ರಾಯಭಾರಿಗೇ ಈ ಗತಿ! ಮುಂಗಡ ಬುಕಿಂಗ್, ಹೋಗಿ ಬರುವ ಟಿಕೆಟ್, ‘ಆಮೇಲೆ ಅಪ್‌ಗ್ರೇಡ್ ನೋಡೋಣ’ ಅನ್ನುವ ಮಾತು, ಮೂರೂ ಅಲ್ಲೇ ಇವೆ.

ಗುರುವಾರ ಸಾಮಾನು, ಆಳುಕಾಳು, ದಾಸಿಯರು ಎಲ್ಲ ಹಡಗಿಗೆ ಹೋಯಿತು. ಜೊತೆಯ ಅಧಿಕಾರಿಗಳಾದ ಜಹೀರುದ್ದೀನ್, ಸುಂಬುಲ್ ಇಬ್ಬರೂ ಉಡುಗೊರೆಯೊಂದಿಗೆ ಹತ್ತಿದರು. ಇಬ್ನ್ ಬತೂತ ಮಾತ್ರ ಶುಕ್ರವಾರದ ನಮಾಜು ಮುಗಿಸಿ ಬರುತ್ತೇನೆಂದು ದಡದಲ್ಲೇ ಉಳಿದ. ಶುಕ್ರವಾರ ಬೆಳಿಗ್ಗೆ ಅವನ ಹುಡುಗ ಹಿಲಾಲ್ ಓಡಿ ಬಂದು, ಕೋಣೆ ಬಹಳ ಇಕ್ಕಟ್ಟು, ನಮಗೆ ಆಗುವುದಿಲ್ಲ ಅಂದ. ಇವನು ಹಡಗಿನ ನಾಯಕನ ಹತ್ತಿರ ಹೋದ. ಆತ, ಜಂಕಿನಲ್ಲಿ ಏನೂ ಮಾಡಲಿಕ್ಕಾಗುವುದಿಲ್ಲ, ಕಕಮಿಗೆ ಹೋಗುವುದಾದರೆ ಬೇಕಾದ ಕೋಣೆ ಆರಿಸಿಕೊಳ್ಳಬಹುದು ಅಂದ.

ಈಗ ಯೋಚನೆ ಮಾಡಿ. ದೊಡ್ಡ ಹಡಗಿನಲ್ಲಿ ಸಣ್ಣ ಕೋಣೆಯೋ, ಸಣ್ಣ ಹಡಗಿನಲ್ಲಿ ದೊಡ್ಡ ಕೋಣೆಯೋ? ಜಂಕ್ ಅಂದರೆ ಸಾವಿರ ಜನರ ಭದ್ರ ಹಡಗು, ರಾಜಮರ್ಯಾದೆ, ಉಡುಗೊರೆಯ ಜೊತೆಯಲ್ಲೇ ಪ್ರಯಾಣ. ಕಕಮ್ ಅಂದರೆ ಬಾಲಂಗೋಚಿ. ಇಬ್ನ್ ಬತೂತ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಆಗಲಿ ಅಂದ. ನಮಾಜಿನ ಹೊತ್ತಿಗೆ ದಾಸಿಯರೂ ಸಾಮಾನೂ ಕಕಮಿಗೆ ದಾಟಿ ಆಗಿತ್ತು.

ಆ ಸಮುದ್ರ ದಿನಾ ಮಧ್ಯಾಹ್ನ ಇಳಿದ ಮೇಲೆ ಏಳುತ್ತದೆ, ಆಗ ಯಾರೂ ಹತ್ತಲಾಗುವುದಿಲ್ಲ. ಇವನು ಶುಕ್ರವಾರ ರಾತ್ರಿ ಮರಳಿನ ಮೇಲೆ ಒಂದು ಜಮಖಾನ ಹಾಸಿಕೊಂಡು ಮಲಗಿದ. ಶನಿವಾರ ಬೆಳಿಗ್ಗೆ ನೋಡಿದರೆ ಹಡಗುಗಳು ದಡದಿಂದ ದೂರ ಹೋಗಿವೆ. ಅಲ್ಲೇ ಇದ್ದ ಇನ್ನೊಂದು ಜಂಕು ದಡಕ್ಕೆ ಬಡಿದು ಒಡೆಯಿತು. ಅದರಲ್ಲಿದ್ದ ಒಬ್ಬ ವರ್ತಕ, ನೀರಿಗೆ ಬಿದ್ದ ತನ್ನ ದಾಸಿಯನ್ನು ಉಳಿಸಿದವರಿಗೆ ಹತ್ತು ದಿನಾರ್ ಕೊಡುತ್ತೇನೆ ಅಂತ ಕೂಗಿದ. ಹೋರ್ಮುಜಿನ ನಾವಿಕನೊಬ್ಬ ಧುಮುಕಿ ಅವಳನ್ನು ತಂದ, ದುಡ್ಡು ಮಾತ್ರ ಬೇಡ ಅಂದ. ಆ ರಾತ್ರಿ ಸಮುದ್ರ ಉಡುಗೊರೆಯ ಜಂಕನ್ನೂ ಹೊಡೆಯಿತು. ಅದರಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಮರುದಿನ ಇಬ್ನ್ ಬತೂತ ಜಹೀರುದ್ದೀನನ ಒಡೆದ ತಲೆಯನ್ನೂ, ಸುಂಬುಲನ ಕಪಾಲದಲ್ಲಿ ಹೊಕ್ಕಿದ್ದ ಮೊಳೆಯನ್ನೂ ಕಣ್ಣಾರೆ ನೋಡಿ, ಪ್ರಾರ್ಥನೆ ಮಾಡಿ ಮಣ್ಣು ಕೊಟ್ಟ. ಕಲ್ಲಿಕೋಟೆಯ ರಾಜ ಬರಿಗಾಲಲ್ಲಿ, ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡು ದಡಕ್ಕೆ ಬಂದಿದ್ದ. ತೇಲಿ ಬಂದ ಸಾಮಾನನ್ನು ಜನ ಎತ್ತಿಕೊಂಡು ಹೋಗದಂತೆ ಅವನ ಪೊಲೀಸರು ಹೊಡೆದು ಓಡಿಸುತ್ತಿದ್ದರು.

ಕಕಮಿನವರು? ಜಂಕಿನ ಗತಿ ನೋಡಿ ಹಾಯಿ ಬಿಚ್ಚಿ ಹೊರಟೇ ಹೋದರು. ಇವನ ಸಾಮಾನು, ಜನ, ಎಲ್ಲಾ ಅದರಲ್ಲೇ. ದಡದಲ್ಲಿ ಉಳಿದದ್ದು ಇವನು, ಹತ್ತು ದಿನಾರ್, ಒಂದು ಜಮಖಾನ. ಜೊತೆಗಿದ್ದ ಒಬ್ಬನೇ ಆಳೂ (ಅವನನ್ನು ಗುಲಾಮಗಿರಿಯಿಂದ ಬಿಡಿಸಿದ್ದ) ಇವನ ಸ್ಥಿತಿ ನೋಡಿ ಬಿಟ್ಟು ಹೋದ. ಹಳೇ ಕೋಣೆಯಲ್ಲೇ ಇರಿ ಅಂದಿದ್ದರೆ ಅವನ ಜನರೆಲ್ಲ ಸಾಯುತ್ತಿದ್ದರು. ಹೊಸ ಕೋಣೆ ಹಿಡಿದದ್ದರಿಂದ ಅವರು ಬದುಕಿದರು, ಇವನ ಕೈಗೆ ಮಾತ್ರ ಸಿಗಲಿಲ್ಲ. ತುಘಲಕ್‌ನ ಹತ್ತಿರ ವಾಪಸ್ ಹೋಗಲು ಹೆದರಿ ಕೊಲ್ಲಂ, ಮತ್ತೆ ಕಲ್ಲಿಕೋಟೆ, ಮತ್ತೆ ಹೊನ್ನಾವರ ಅಂತ ಅಲೆದ. ಜಮಾಲುದ್ದೀನನ ಜೊತೆ ಗೋವೆಯ ಮೇಲಿನ ದಂಡಿಗೂ ಹೋದ. ಮುಂದೆ ಮಾಲ್ಡೀವ್ಸಿನಲ್ಲಿ ಕಾಜಿಯಾದ. ಅದು ಬೇರೆಯೇ ದೊಡ್ಡ ಕತೆ.

ಇದನ್ನು ಓದಿ ಮುಗಿಸಿದಾಗ ಮಂಗಳವಾರ ರಾತ್ರಿ ಹನ್ನೊಂದೂವರೆ. ನಿರ್ಧಾರಕ್ಕೆ ಏನಾದರೂ ಸಹಾಯವಾಯಿತೇ? ಇಲ್ಲ. ಮುಂದಕ್ಕೆ ಓದಿದೆ.

ನೂರು ವರ್ಷದ ನಂತರ, 1442ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹೋರ್ಮುಜಿನಲ್ಲಿ ಹಡಗು ಹತ್ತಿದ. ಹಡಗಿನ ವಾಸನೆ ಮೂಗಿಗೆ ಬಡಿದದ್ದೇ ಮೂರ್ಛೆ ಹೋಗಿ ಮೂರು ದಿನ ಉಸಿರೊಂದು ಬಿಟ್ಟು ಬೇರೇನೂ ಇರಲಿಲ್ಲವಂತೆ. ಅಂಥವನು ಮುಂದಿನ ವರ್ಷ ಮಂಗಳೂರಿನ ಮೇಲೆ ಹಾದು ನಮ್ಮ ವಿಜಯನಗರಕ್ಕೆ ಬಂದು, ಏಳು ಸುತ್ತಿನ ಕೋಟೆ ಎಣಿಸಿ, ಎರಡನೇ ದೇವರಾಯನ ಆಸ್ಥಾನ ನೋಡಿ ಕಣ್ಣರಳಿಸಿದ. ವಾಪಸು ಹೋಗುವಾಗಲೂ ಹೊನ್ನಾವರದಲ್ಲೇ ಹಡಗು ಹತ್ತಿದ. ಪಾಪ, ಅವನಿಗೆ ಬಾಲ್ಕನಿ ಬೇಕಿತ್ತು ಅನ್ನಿಸುತ್ತದೆ.

ಹೋರ್ಮುಜಿನಿಂದ ಬರುತ್ತಿದ್ದ ಹಡಗುಗಳಲ್ಲಿ ಅತಿ ಬೆಲೆಯ ಪ್ರಯಾಣಿಕರು ಮನುಷ್ಯರೇ ಅಲ್ಲ, ಕುದುರೆಗಳು. ಕೃಷ್ಣದೇವರಾಯ ವರ್ಷಕ್ಕೆ ಹೋರ್ಮುಜಿನವು, ನಾಡತಳಿ ಸೇರಿ 13000 ಕುದುರೆ ಕೊಳ್ಳುತ್ತಿದ್ದ ಅಂತ ನೂನಿಜ್ ಬರೆದಿದ್ದಾನೆ. ಅದಕ್ಕಿಂತ ಮುಂಚೆ ಸಾಳುವ ನರಸಿಂಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದನಂತೆ. ಕುದುರೆ ಬದುಕಿ ಬರಲಿ ಸತ್ತು ಬರಲಿ, ಮೂರಕ್ಕೆ ಸಾವಿರ ಪರ್ದಾವ್. ದಾರಿಯಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಸಾಕು, ಪೂರಾ ದುಡ್ಡು! ಹಜಾರ ರಾಮನ ಗುಡಿಯ ಹೊರಗೋಡೆಯಲ್ಲಿ ಸಾಲಾಗಿ ನಡೆಯುವ ಕುದುರೆಗಳನ್ನು ಮಕ್ಕಳಿಗೆ ತೋರಿಸುವಾಗಲೆಲ್ಲ, ಇಲ್ಲಿ ಕಾಣದೆ ಇರುವ ಕುದುರೆ ಎಷ್ಟು ಹೇಳಿ ಅಂತ ಕೇಳುತ್ತಿದ್ದೆ. ಮಕ್ಕಳು ಬಾಲದ ಕತೆ ಕೇಳಿ ನಗುತ್ತಿದ್ದವು. ಬಾಲಕ್ಕೂ ಪೂರಾ ಬೆಲೆ ಸಿಗುವಾಗ ವರ್ತಕನಾದರೂ ಕುದುರೆಗೆ ಹಡಗಿನಲ್ಲಿ ಅಗಲ ಜಾಗ ಯಾಕೆ ಕೊಡುತ್ತಾನೆ ಅಂತ ಈಗ ನನಗೆ ಅನ್ನಿಸುತ್ತದೆ.

ಬುಧವಾರ ಗಾಂಧಿಯವರ ಆತ್ಮಕಥೆ ತೆಗೆದೆ. 1893ರ ಏಪ್ರಿಲ್, ಮುಂಬೈ. ದಕ್ಷಿಣ ಆಫ್ರಿಕಾಕ್ಕೆ ಹೊರಟ 23 ವರ್ಷದ ಬ್ಯಾರಿಸ್ಟರಿಗೆ ಮೊದಲ ದರ್ಜೆಯ ಜಾಗ ಇಲ್ಲ ಅಂತ ಏಜೆಂಟು ಹೇಳಿದ. ಡೆಕ್ಕಿನ ಮೇಲೆ ಹೋಗಿ, ಊಟ ಬೇಕಾದರೆ ಸಲೂನಿನಲ್ಲಿ ಕೊಡಿಸೋಣ ಅಂದ. ಗಾಂಧಿ ಒಪ್ಪಲಿಲ್ಲ. ಬ್ಯಾರಿಸ್ಟರ್ ಆದವನು ಡೆಕ್ ಪ್ಯಾಸೆಂಜರ್ ಆಗುವುದೇ? ಸೀದಾ ಹಡಗಿಗೇ ಹೋಗಿ ಮುಖ್ಯ ಅಧಿಕಾರಿಯನ್ನು ಕಂಡರು. ಮೊಜಾಂಬಿಕಿನ ಗವರ್ನರ್ ಜನರಲ್ ಇದೇ ಹಡಗಿನಲ್ಲಿ ಹೊರಟಿದ್ದಾರೆ, ಜಾಗವೆಲ್ಲ ಭರ್ತಿ ಅಂದ ಆತ. ಹೇಗಾದರೂ ನನ್ನನ್ನು ತುರುಕಲಾಗದೇ ಅಂತ ಇವರು ಕೇಳಿದರು. ಆತ ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕು, ನನ್ನ ಕ್ಯಾಬಿನ್ನಿನಲ್ಲೇ ಒಂದು ಹೆಚ್ಚಿನ ಮಂಚ ಇದೆ, ಪ್ರಯಾಣಿಕರಿಗೆ ಕೊಡುವುದಿಲ್ಲ, ನಿಮಗೆ ಕೊಡುತ್ತೇನೆ ಅಂದ.

ಎರಡೇ ತಿಂಗಳಲ್ಲಿ, ಜೂನಿನಲ್ಲಿ, ಮೊದಲ ದರ್ಜೆ ಟಿಕೆಟ್ ಕೈಯಲ್ಲಿದ್ದರೂ ಪೀಟರ್ ಮಾರಿಟ್ಜ್‌ಬರ್ಗಿನ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ತಳ್ಳಿದರು. ಅದು ಎಲ್ಲರಿಗೂ ಗೊತ್ತು. 1914ರಲ್ಲಿ ಆಫ್ರಿಕಾ ಬಿಟ್ಟು ಲಂಡನ್ನಿಗೆ ಹೊರಟಾಗ ಅವರೇ ಬೇಕೆಂದು ತೆಗೆಸಿದ್ದು ಹಡಗಿನ ಮೂರನೇ ದರ್ಜೆ. ಇಪ್ಪತ್ತೊಂದು ವರ್ಷದಲ್ಲಿ ಮನುಷ್ಯ ಎಲ್ಲಿಂದ ಎಲ್ಲಿಗೆ ಬಂದ ಅನ್ನುವುದನ್ನು ಈ ಎರಡು ಟಿಕೆಟ್ಟುಗಳಲ್ಲೇ ನೋಡಬಹುದು. 1921ರ ಅಕ್ಟೋಬರಿನಲ್ಲಿ ನಮ್ಮ ಬಳ್ಳಾರಿಗೆ ಬಂದಾಗ ರಾತ್ರಿ ಕಳೆದದ್ದು ರೈಲು ನಿಲ್ದಾಣದಲ್ಲಿ. ನಮ್ಮ ಜಿಲ್ಲೆಯಲ್ಲಿ ಇದನ್ನು ಈಗಲೂ ಹೇಳುತ್ತಾರೆ.

ಇದಕ್ಕೆ ವಿರುದ್ಧದ ತುದಿಯೂ ಇದೆ. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಎರಡನೇ ಮಾಧೋ ಸಿಂಗ್ ಕೋಣೆ ಬದಲಾಯಿಸುವ ಗೋಜಿಗೇ ಹೋಗಲಿಲ್ಲ, ಒಲಿಂಪಿಯಾ ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದ. ಮಡಿ ಕೆಡಬಾರದಲ್ಲ! ಬೃಹತ್ತಾದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ನಮ್ಮ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದೂ ಹಡಗಿನಲ್ಲೇ. ಆ ಪಯಣದಿಂದ ನಮಗೆ ‘ಸಮುದ್ರ ಗೀತೆಗಳು’ ಬಂತು. ಅವು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬರೆದ ಪದ್ಯಗಳಲ್ಲ ಅಂತ ನನ್ನ ಗುಮಾನಿ.

ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಎಡಗಡೆ, ಹೋಗುವಾಗ ಬಲಗಡೆ ಕ್ಯಾಬಿನ್ ಹಿಡಿದರೆ ಕೆಂಪು ಸಮುದ್ರದ ಬಿಸಿಲು ತಾಗುವುದಿಲ್ಲ, ದುಡ್ಡಿದ್ದವರು ಹಾಗೆ ಹಿಡಿಯುತ್ತಿದ್ದರು, ಪಾಶ್ ಅನ್ನುವ ಪದ ಹುಟ್ಟಿದ್ದೇ ಅದರಿಂದ ಅನ್ನುವ ಕತೆಯನ್ನು ನೀವೂ ಕೇಳಿರುತ್ತೀರಿ. ನಾನೂ ತರಗತಿಯಲ್ಲಿ ಹೇಳಿದ್ದೇನೆ. ಅದಕ್ಕೆ ಯಾವ ಆಧಾರವೂ ಸಿಕ್ಕಿಲ್ಲವಂತೆ. ನನ್ನ ಹಳೆಯ ವಿದ್ಯಾರ್ಥಿಗಳು ಓದುತ್ತಿದ್ದರೆ ಕ್ಷಮಿಸಿ.

ದರ್ಜೆಗೂ ಜೀವಕ್ಕೂ ಇರುವ ಸಂಬಂಧ 1912ರ ಟೈಟಾನಿಕ್ಕಿನಲ್ಲಿ ಬಯಲಾಯಿತು. ಮೊದಲ ದರ್ಜೆಯ ಪ್ರಯಾಣಿಕರಲ್ಲಿ ನೂರಕ್ಕೆ ಸುಮಾರು 60 ಜನ ಉಳಿದರು, ಮೂರನೇ ದರ್ಜೆಯಲ್ಲಿ ಸುಮಾರು 25. ಎರಡೇ ವರ್ಷದಲ್ಲಿ, 1914ರಲ್ಲಿ, ಹಡಗಿನ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ ಆಯಿತು. ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿ ಇರಬೇಕು ಅನ್ನುವುದು ಆಮೇಲೆ ನಿಯಮವಾಯಿತು. ಅಷ್ಟರ ಮಟ್ಟಿಗೆ ಈಗ ಒಳಗಿನ ಕೋಣೆಗೂ ಬಾಲ್ಕನಿಗೂ ಭೇದವಿಲ್ಲ.

ಹಾಗಾದರೆ ಈಗ ಆ ನಲವತ್ತು ಸಾವಿರಕ್ಕೆ ಸಿಗುವುದೇನು? ಅದನ್ನೂ ವಿಚಾರಿಸಿದೆ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಶುರುವಾದ ಕಾರ್ಡೇಲಿಯಾ ಸಂಸ್ಥೆಯ ಎಂಪ್ರೆಸ್ ಹಡಗನ್ನೇ ತೆಗೆದುಕೊಳ್ಳಿ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅಂತ ನೀರಿಗಿಳಿದ ಹಡಗು, ಹನ್ನೊಂದು ಡೆಕ್ಕು, ಸುಮಾರು 800 ಕ್ಯಾಬಿನ್ನು. ಇಂಥ ಹಡಗುಗಳಲ್ಲಿ ನಡುವೆ ಇರುವ ಕೋಣೆಗಳಿಗೆ ಕಿಟಕಿ ಇರುವುದಿಲ್ಲ. ಅಂಚಿನವಕ್ಕೆ ದುಂಡನೆಯದೋ ಚೌಕದ್ದೋ ಕಿಟಕಿ, ಮೇಲಿನ ಅಂತಸ್ತಿನ ಕೆಲವಕ್ಕೆ ಬಾಲ್ಕನಿ. ತಮಾಷೆಯೆಂದರೆ ಹಡಗು ಓಲಾಡುವುದು ಕೆಳಗೆ, ನಟ್ಟನಡುವೆ ಇರುವ ಅಗ್ಗದ ಕೋಣೆಗಳಲ್ಲಿ ಕಡಿಮೆ, ಮೇಲೆ ತುದಿಯಲ್ಲಿರುವ ದುಬಾರಿ ಕೋಣೆಗಳಲ್ಲಿ ಜಾಸ್ತಿ. ಅಬ್ದುರ್ ರಜಾಕನಂಥವರು ಕಡಿಮೆ ದುಡ್ಡು ಕೊಟ್ಟು ಒಳಗೆ ಮಲಗುವುದೇ ಮೇಲು. ಈಜುಕೊಳದ ಕೆಳಗಿನ ಕೋಣೆ ಮಾತ್ರ ಹಿಡಿಯಬೇಡಿ, ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ತಲೆ ಮೇಲೇ ಅಂತ ಹೋಗಿ ಬಂದವರೊಬ್ಬರು ಹೇಳಿದರು.

ಒಂದು ಹಾಳೆಯಲ್ಲಿ ಗೆರೆ ಎಳೆದು ಈ ಕಡೆ ಲಾಭ, ಆ ಕಡೆ ನಷ್ಟ ಬರೆದೆ. ಗುರುವಾರದ ಹೊತ್ತಿಗೆ ನಷ್ಟದ ಪಟ್ಟಿಯೇ ಉದ್ದವಿತ್ತು. ಒಳಗಿನ ಕೋಣೆಯೇ ಇರಲಿ ಅಂತ ಹೆಚ್ಚುಕಮ್ಮಿ ತೀರ್ಮಾನ ಮಾಡಿದ್ದೆ.

ಶುಕ್ರವಾರ ಸಂಜೆ ಚಹಾ ಕುಡಿಯುವಾಗ ನಮ್ಮಾಕೆಗೆ ಇಬ್ನ್ ಬತೂತನ ಕತೆ ಹೇಳಿದೆ. ಪೂರ್ತಿ ಕೇಳಿದಳು. ಜಮಖಾನ, ಹತ್ತು ದಿನಾರ್ ಅಂತ ನಾನು ಮುಗಿಸಿ ನಕ್ಕೆ. ಅವಳು ನಗಲಿಲ್ಲ.

“ಅಲ್ಲ ರೀ, ಆ ಹುಡುಗೇರು ಏನಾದ್ರು?”

“ಯಾವ ಹುಡುಗೇರು?”

“ಅದಾ, ಸಣ್ಣ ಹಡಗಿಗೆ ದಾಟಿಸಿದ್ರಲ್ಲ, ಅವ್ರು.”

ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ಅದೂ ಪುಸ್ತಕದಲ್ಲಿದೆ. ಅವರಲ್ಲೊಬ್ಬಳು ಅವನಿಂದ ಬಸುರಿಯಾಗಿದ್ದಳು. ಅವಳದೇ ಚಿಂತೆ ಅವನಿಗೆ. ಎಷ್ಟೋ ದಿನದ ಮೇಲೆ ಕಕಮಿನಲ್ಲಿ ಹೋಗಿದ್ದ ಇಬ್ಬರು ಆಳುಗಳು ಹೇಗೋ ಮರಳಿ ಬಂದು ಸುದ್ದಿ ಹೇಳಿದರು. ಬಸುರಿ ಹುಡುಗಿ ಸತ್ತಳು. ಉಳಿದವರನ್ನು ಆಚೆ ದ್ವೀಪದ ರಾಜ, ಸುಮಾತ್ರದವನು ಅನ್ನುತ್ತಾರೆ, ಹಿಡಿದಿಟ್ಟುಕೊಂಡ. ಸಾಮಾನು ಕಂಡವರ ಪಾಲಾಯಿತು. ಜೊತೆಗಾರರು ಚೀನಾ, ಜಾವಾ, ಬಂಗಾಳ ಅಂತ ಚದುರಿ ಹೋದರು. ಪುಸ್ತಕದಲ್ಲಿ ಇದಕ್ಕೆ ನಾಲ್ಕೈದು ಸಾಲು. ಆ ಹುಡುಗಿಯ ಹೆಸರೂ ಇಲ್ಲ. ಸುದ್ದಿ ತಂದು ಹೇಳಿದ ಹಿಲಾಲನ ಹೆಸರಿದೆ, ಕೋಣೆ ಕೊಟ್ಟ ಸುಲೈಮಾನನ ಹೆಸರು, ಊರು ಎರಡೂ ಇವೆ.

“ಯಾವ ರೂಮು ಬೇಕು ಅಂತ ಅವರನ್ನ ಯಾರೂ ಕೇಳ್ಲಿಲ್ಲೇನು?”

“ದಾಸಿಯರನ್ನ ಯಾರು ಕೇಳ್ತಾರೆ?”

ಅಂದವನು ಲೋಟ ಕೆಳಗಿಟ್ಟೆ. ಸೋಮವಾರದಿಂದ ಮಗನೂ ನಾನೂ ಮೂರು ಸಲ ಫೋನಿನಲ್ಲಿ ಮಾತಾಡಿದ್ದೆವು. ಹಾಳೆಯಲ್ಲಿ ಗೆರೆ ಎಳೆದಿದ್ದೆ. ಹೋಗುವವರು ಇಬ್ಬರು. ಉಬ್ಬಸ ಇರುವುದು ಅವಳಿಗೆ. ಕೇಳಿರಲಿಲ್ಲ.

“ನಿನಗೆ ಯಾವುದು ಬೇಕು?” ಅಂದೆ.

“ಈಗ ಕೇಳಿದ್ರಲ್ಲ, ಪುಣ್ಯ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಲ್ಕನಿ ಬ್ಯಾಡ. ರಾತ್ರಿ ಎದ್ದು ನೀವು ಅಲ್ಲಿ ನಿಂತ್ರೆ ನಂಗ ನಿದ್ದಿ ಬರಲ್ಲ. ಕಿಟಕಿ ಇರಾದು ಸಿಗಲ್ಲೇನು? ಮಲಗಿದಲ್ಲಿಂದ ನೀರು ಕಾಣಂಗ?”

ಸಿಗುತ್ತದೆ, ಹದಿನಾರು ಸಾವಿರ ಜಾಸ್ತಿ, ಆದರೆ ಆ ಕಿಟಕಿ ತೆಗೆಯಲಿಕ್ಕೆ ಬರುವುದಿಲ್ಲ, ಗಾಜು ಗಟ್ಟಿಯಾಗಿ ಕೂಡಿಸಿರುತ್ತಾರೆ ಅಂತ ಹೇಳಿದೆ.

“ನಮ್ಮನಿ ಕಿಟಕಿನೂ ತೆಗೀತಿರ್ಲಿಲ್ಲ. ಆದ್ರ ಅದ್ರಾಗ ಕೆಂಪು ಬಿಟ್ರ ಏನೂ ಕಾಣ್ತಿರ್ಲಿಲ್ಲ” ಅಂದಳು.

ರಾತ್ರಿಯೇ ಮಗನಿಗೆ ಫೋನ್ ಮಾಡಿದೆ. ಕಿಟಕಿಯದು ಅಂದೆ. ಸರಿ ಅಪ್ಪ ಅಂದ. ಹಾಗೇ ಎಡಗಡೆ ಸಿಗುವಂತೆ ನೋಡು, ಮುಂಬೈಯಿಂದ ತೆಂಕಲಿಗೆ ಹೋಗುವಾಗ ನಮ್ಮ ಕರಾವಳಿ ಎಡಕ್ಕೆ ಬರುತ್ತದೆ, ಹೊನ್ನಾವರ ಆ ಕಡೆ ಅಂದೆ. ದಡ ಅಷ್ಟು ದೂರಕ್ಕೆ ಕಾಣುವುದಿಲ್ಲ ಅಪ್ಪ, ಅದೂ ಅಲ್ಲದೆ ರಾತ್ರಿ ದಾಟಿರುತ್ತದೆ ಅಂತ ಅವನು ನಕ್ಕ. ಕಾಣದಿದ್ದರೂ ಪರವಾಗಿಲ್ಲ, ಹಾಕು ಅಂದೆ.

ಪಕ್ಕದಲ್ಲಿ ಕೂತಿದ್ದ ನಮ್ಮಾಕೆ ಕೇಳಿದಳು, “ಬರಾಗ ಬಲಗಡೆ ಆಗ್ತತಲ್ಲ, ಆಗೇನ್ ಮಾಡ್ತೀರಿ?”